ಮಾನವ ಬಾಂಬ್ ಯಾಕ ಹುಟ್ತದ? ಬಡತನಾನೋ, ಧರ್ಮಾನೋ, ರಾಜಕೀಯಾನೋ?

ಸೇಡಂ ಮಾಸ್ತರ
ಎಲ್ಲರಿಗೂ ನಮಸ್ಕಾರ್ರಿ. ಡಿಗ್ರಿ ಕಾಲೇಜದಾಗ ರಾಜ್ಯಶಾಸ್ತ್ರ ಹೇಳ್ತೀನಿ, ಅತಿಥಿ ಉಪನ್ಯಾಸಕ (ಪಗಾರ ಯಾವಾಗ ಬರ್ತದ ಅಂತ ಮಾತ್ರ ಕೇಳಬ್ಯಾಡ್ರಿ). ಈ ಸಲ ಸಿಲೆಬಸ್‌ದಾಗ ಭಯೋತ್ಪಾದನೆ ಒಂದು ಘಟಕ ಅದ. ಆತ್ಮಾಹುತಿ ದಾಳಿ ವಿಷಯ ಬಂದಕೂಡ್ಲೇ ಕ್ಲಾಸ್ ಎರಡು ಪಾರ್ಟಿ ಆಗಿಬಿಡ್ತು. ಹಿಂದಿನ ಬೆಂಚಿನವ್ರು ಎಲ್ಲಾ ಧರ್ಮ ಸರ ಅಂದ್ರು, ಮುಂದಿನವ್ರು ಬಡತನ, ನಿರುದ್ಯೋಗ ಅಂತ ಗೈಡ್‌ದಾಗ ಇದ್ದದ್ದೇ ಒದರಿದ್ರು. ನನಗ ಎರಡೂ ಪೂರಾ ಒಪ್ಪಿಗಿ ಆಗ್ಲಿಲ್ಲ. ಸಿಟ್ಟು ಇರೋ ಮಂದಿ ಜಗತ್ತಿನ್ಯಾಗ ಕೋಟಿಗಟ್ಟಲೆ ಅದಾರ, ಮೈಗೆ ಬಾಂಬ್ ಕಟ್ಕೊಂಡು ಹೋಗೋರು ಬೆರಳೆಣಿಕಿ. ಆ ಬೆರಳೆಣಿಕಿ ಮಂದಿ ಎಲ್ಲಿಂದ ಬರ್ತಾರ, ಯಾರು ತಯಾರ್ ಮಾಡ್ತಾರ? ಓದಿದವ್ರು, ನೋಡಿದವ್ರು ಹೇಳ್ರಿ. ಬೈದಾಡಬ್ಯಾಡ್ರಿ, ನಮ್ಮ ಹುಡುಗ್ರಿಗೆ ತೋರಿಸ್ಬೇಕಂತ ಅದ.

ಜೇವರ್ಗಿ ಜವಾರಿ
ಧರ್ಮಾನೇ ಸರ. ಸತ್ರ ಸ್ವರ್ಗ ಸಿಗ್ತದ ಅಂತ ತಲಿ ತುಂಬ್ತಾರ, ಮುಗೀತು. ಇದ್ರಾಗ ಚರ್ಚಾ ಏನದ?

ಶೋಧ ವಿದ್ಯಾರ್ಥಿ
@ಜೇವರ್ಗಿ ಜವಾರಿ, ಅಣ್ಣಾ ಹಂಗಿದ್ರ ಶ್ರೀಲಂಕಾದ ತಮಿಳು ಹುಲಿಗಳು, ಎಲ್‌ಟಿಟಿಇ, ಅವ್ರನ್ನ ಎಲ್ಲಿ ಇಡ್ತಿ? ಅವ್ರು ಹುಟ್ಟಿನಿಂದ ಹೆಚ್ಚಾಗಿ ಹಿಂದೂಗಳು, ಸಂಘಟನೆ ಮಾತ್ರ ಸ್ವರ್ಗದ ಮಾತೇ ಆಡಿದ್ದಲ್ಲ, ತಮಿಳು ಈಳಂ, ಅಂದ್ರ ತಮಿಳರಿಗಿ ಪ್ರತ್ಯೇಕ ದೇಶ, ಅಷ್ಟೇ ಅವ್ರ ಮಂತ್ರ. ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಪೇಪ್ ಅನ್ನೋರು 1980ರಿಂದ 2003ರ ತನಕ ಆದ 315 ಆತ್ಮಾಹುತಿ ದಾಳಿ ಪಟ್ಟಿ ಮಾಡ್ಯಾರ. ಅದ್ರಾಗ ಒಂದೇ ಸಂಘಟನೆ ಅಂತ ನೋಡಿದ್ರ ಎಲ್ಲಕ್ಕಿಂತ ಜಾಸ್ತಿ ಎಲ್‌ಟಿಟಿಇದ್ದು, 76. ರಾಜೀವ್ ಗಾಂಧಿ (1991), ಶ್ರೀಲಂಕಾ ಅಧ್ಯಕ್ಷ ಪ್ರೇಮದಾಸ (1993), ಇಬ್ಬರೂ ಸತ್ತಿದ್ದು ಅವ್ರ ಕೈಯಿಂದ. ಲೆಬನಾನ್‌ದಾಗ 80ರ ದಶಕದಾಗ ಕಮ್ಯುನಿಸ್ಟ್, ಸಮಾಜವಾದಿ ಪಾರ್ಟಿ ಹುಡುಗ್ರೂ ಇದೇ ಕೆಲಸ ಮಾಡ್ಯಾರ. ಟರ್ಕಿದಾಗ ಕುರ್ದ್ ಮಂದಿಯ ಪಿಕೆಕೆ, ಅದೂ ಎಡಪಂಥ.

ಪೇಪ್ ಹೇಳೋದು, ಬಹುತೇಕ ಎಲ್ಲಾ ಕಡೆ ಗುರಿ ಒಂದೇ, ತಮ್ಮ ನೆಲ ಅಂತ ತಿಳ್ಕೊಂಡ ಜಾಗಾದಿಂದ ಹೊರಗಿನ ಸೈನ್ಯ ಓಡಿಸೋದು. 1983ರ ಅಕ್ಟೋಬರ್‌ದಾಗ ಬೈರೂತ್‌ದಾಗ ಟ್ರಕ್ ನುಗ್ಗಿಸಿ 241 ಅಮೆರಿಕನ್ ಸೈನಿಕರನ್ನ ಕೊಂದ್ರು, ಅದೇ ದಿನ 58 ಫ್ರೆಂಚರು. ಮುಂದಿನ ವರ್ಷನೇ ಅಮೆರಿಕ ಗಂಟುಮೂಟಿ ಕಟ್ತು. ಅದನ್ನ ನೋಡಿ ಉಳದವ್ರು ಕಲ್ತ್ರು, ಇದು ಕೆಲಸ ಮಾಡ್ತದ ಅಂತ.

ಆಳಂದ ಅಕ್ಕ
ರಾಜೀವ್ ಗಾಂಧಿ ಕೇಸಿನ ಮುಖ್ಯ ಆರೋಪಿ ಶಿವರಾಸನ್ ಕಡೀಗಿ ಸಿಕ್ಕಿದ್ದು ಬೆಂಗಳೂರಿನ ಕೋಣನಕುಂಟೆದಾಗ. ನಾ ಆಗ ಸಣ್ಣಾಕಿ, ಪೇಪರ್‌ದಾಗ ಆ ಮನಿ ಫೋಟೋ ಬಂದಿತ್ತು. ನಮ್ಮಪ್ಪ ಅದನ್ನೇ ದಿಟ್ಟಿಸಿ ನೋಡ್ಕೋತ ಕುಂತಿದ್ದ, "ಬಾಡಿಗಿ ಕೊಟ್ಟವ್ನ ಗತಿ ಏನಾಗಿರ್ಬೇಕು" ಅಂತ ಅದೊಂದೇ ಮಾತು 😀

ಬಸವಕಲ್ಯಾಣ ಬ್ಯಾಂಕ್ (ಮೈಸೂರು ಮೂಲ)
ಧರ್ಮ ಒಂದೇ ಕಾರಣ ಅಲ್ಲ ಅನ್ನೋದು ಸರಿ, ಆದ್ರೆ ಧರ್ಮಕ್ಕೆ ಪಾತ್ರನೇ ಇಲ್ಲ ಅನ್ನೋ ತರ ಮಾತಾಡೋದು ಬೇಡ. ಪೇಪ್ ಲೆಕ್ಕ 2003ಕ್ಕೆ ನಿಂತು ಹೋಗುತ್ತೆ. ಅದಾದ್ಮೇಲೆ ಇರಾಕ್, ಪಾಕಿಸ್ತಾನದಲ್ಲಿ ಏನಾಯ್ತು ನೋಡಿ. ಶಿಯಾ ಮಸೀದಿ, ದರ್ಗಾ, ಮಾರ್ಕೆಟ್ಟು, ಸತ್ತವರು ಅದೇ ನೆಲದ ಮುಸ್ಲಿಮರು. ಹೊರಗಿನ ಸೈನ್ಯ ಎಲ್ಲಿದೆ ಅಲ್ಲಿ? ಎದುರಿನವನು ಮನುಷ್ಯನೇ ಅಲ್ಲ ಕಾಫಿರ ಅಂತ ಹೇಳಿಕೊಡೋ ವಿಚಾರ ಬೇಕಲ್ವಾ ಅದಕ್ಕೆ?

ಶೋಧ ವಿದ್ಯಾರ್ಥಿ
ಇರಾಕ್‌ದಾಗ ಹೊರಗಿನ ಸೈನ್ಯ ಇತ್ತಲ್ರಿ, 2003ರಾಗ ಅಮೆರಿಕ ಒಳಗ ಬಂದ ಮ್ಯಾಲೇ ಅಲ್ಲಿ ಈ ಹುಚ್ಚು ಶುರು ಆಗಿದ್ದು. ಅದಕ್ಕಿಂತ ಮೊದಲ ಸದ್ದಾಂ ಕಾಲದಾಗ ದಬ್ಬಾಳಿಕಿ ಎಷ್ಟೇ ಇದ್ರೂ ಬಾಗ್ದಾದ್ ಸಂತ್ಯಾಗ ಮಾನವ ಬಾಂಬ್ ಇರ್ಲಿಲ್ಲ. ಪಾಕಿಸ್ತಾನದ್ದು ಮಾತ್ರ ಒಪ್ತೀನಿ, ಪೇಪ್ ಲೆಕ್ಕಕ್ಕ ಅದು ಬರೋಬ್ಬರಿ ಕೂಡಂಗಿಲ್ಲ. 2007ರಾಗ ಇಸ್ಲಾಮಾಬಾದ್‌ದ ಲಾಲ್ ಮಸೀದಿ ಮ್ಯಾಲ ಅಲ್ಲಿನ ಸೈನ್ಯ ಕಾರ್ಯಾಚರಣೆ ಮಾಡ್ತು, ಆಮ್ಯಾಲ ದಾಳಿ ಒಮ್ಮೆಲೆ ಏರಿದ್ವು, ಅದೇ ಡಿಸೆಂಬರ್‌ದಾಗ ಮಾಜಿ ಪ್ರಧಾನಿ ಬೆನಜೀರ್ ಭುಟ್ಟೋ ಇಂಥದ್ದೇ ದಾಳಿಯಾಗ ಸತ್ರು. ಆ ಸಿಟ್ಟು ತಮ್ಮದೇ ಸರಕಾರದ ಮ್ಯಾಲ.

ಶಹಾಪುರ ಎಕ್ಸ್‌ಪ್ರೆಸ್
ಬಡತನ ಅಂತ ಹೇಳಿದ ಹುಡುಗ್ರು ಯಾದಗಿರಿ ನೋಡ್ಯಾರ? ನಂಜುಂಡಪ್ಪ ವರದಿ 2002ರಾಗ ಬಂತು, ಅತ್ಯಂತ ಹಿಂದುಳಿದ 39 ತಾಲೂಕಿನಾಗ ಅರ್ಧಕ್ಕಿಂತ ಜಾಸ್ತಿ ನಮ್ಮ ವಿಭಾಗದ್ದೇ. ಬಡತನದಿಂದಲೇ ಬಾಂಬ್ ಹುಟ್ಟೋದಿದ್ರ ನಮ್ಮ ಊರಾಗ ದಿನಾ ಸಿಡೀಬೇಕಿತ್ತು. ನಮ್ಮವ್ರು ಗಂಟು ಕಟ್ಕೊಂಡು ಪುಣೆ, ಮುಂಬೈ, ಬೆಂಗಳೂರಿಗಿ ದುಡಿಲಾಕ ಹೋಗ್ತಾರ, ಅಷ್ಟೇ.

ಜೇವರ್ಗಿ ಜವಾರಿ
ಇಲ್ಲಿ ಮಂದಿ ಸಾಲಕ್ಕ ನೇಣು ಹಾಕೊಂತಾರ, ಅದೂ ಆತ್ಮಹತ್ಯಾನೇ

ಆಳಂದ ಅಕ್ಕ
@ಜೇವರ್ಗಿ ಜವಾರಿ, ತಮ್ಮಾ ಆ ರೈತನ್ನ ತಂದು ಈ ಸಾಲಿನ್ಯಾಗ ನಿಲ್ಲಿಸಬ್ಯಾಡ. ತೊಗರಿ ಒಣಗಿ, ಸಾಲಗಾರ ಮನಿ ಮುಂದ ನಿಂತು, ಯಾರಿಗೂ ತ್ರಾಸ ಕೊಡ್ಲಾರದೆ ಒಬ್ಬನೇ ಹೋದವ ಅವ. ಅವ್ನ ಹೆಸ್ರು ಇಲ್ಲಿ ಬರೋದೇ ತಪ್ಪು.

ಸೇಡಂ ಮಾಸ್ತರ
ಅಕ್ಕನ ಮಾತು ಬರೋಬ್ಬರಿ. ಬಡತನದ ಬಗ್ಗೆ ಅಂಕಿಸಂಖ್ಯೆ ಏನರ ಅದಾವೇನ್ರಿ?

ಶೋಧ ವಿದ್ಯಾರ್ಥಿ
ಅದಾವ ಸರ. ಅಲನ್ ಕ್ರೂಗರ್, ಯಿಟ್ಕಾ ಮಲೆಚ್ಕೋವಾ ಅಂತ ಅರ್ಥಶಾಸ್ತ್ರದವ್ರು, ಸತ್ತ 129 ಹಿಜ್ಬುಲ್ಲಾ ಹುಡುಗ್ರ ವಿವರ ತಗದು ಅದೇ ವಯಸ್ಸಿನ ಉಳಿದ ಲೆಬನಾನ್ ಮಂದಿ ಜೋಡಿ ಹೋಲಿಸಿದ್ರು. ಹಿಜ್ಬುಲ್ಲಾದವ್ರು ಹೈಸ್ಕೂಲ್ ದಾಟಿದವ್ರೇ ಜಾಸ್ತಿ, ಬಡವ್ರು ಕಡಿಮಿ. 2001ರ ಸೆಪ್ಟೆಂಬರ್ ದಾಳಿಯ ಮೊಹಮ್ಮದ್ ಅತ್ತಾ ಜರ್ಮನಿಯ ಹ್ಯಾಂಬರ್ಗ್‌ದಾಗ ನಗರ ಯೋಜನೆ ಓದಿದವ, ಅಪ್ಪ ವಕೀಲ. ಕೊಲಂಬೋದಾಗ 2019ರ ಈಸ್ಟರ್ ದಿನ ಹೊಟೇಲಿನ್ಯಾಗ ಸಿಡಿದವ್ರಲ್ಲಿ ಇಬ್ಬರು ದೊಡ್ಡ ಮಸಾಲಿ ವ್ಯಾಪಾರಿ ಮಕ್ಕಳು.

ಒಂದು ಕಾರಣ ಇದು, ಸಂಘಟನೆ ತನಗ ಬೇಕಾದವ್ನ ಆರಿಸ್ಕೊಂತದ. ನಕ್ಷೆ ಓದೋನು, ಚೆಕ್‌ಪೋಸ್ಟ್‌ದಾಗ ತಡಬಡಿಸದೆ ಮಾತಾಡೋನು ಬೇಕಲ್ಲ ಅವ್ರಿಗೆ. ಹಸಿದು ಬಂದ ಯಾರನ್ನೋ ಕಳಿಸಿದ್ರ ಕೆಲಸ ಕೆಡ್ತದ.

ರೋಜಾ ಏರಿಯಾ
ಅಸ್ಸಲಾಂ, ನಮಸ್ಕಾರ. ಈ ಮಾತಿಗಿ ಕರ್ನಾಟಕದ್ದೇ ಉದಾಹರಣಿ ಅದ, ಯಾರೂ ತಗೀಲಿಲ್ಲ ಅಂತ ನಾನೇ ತಗೀತೀನಿ. 2007ರ ಜೂನ್ 30, ಗ್ಲಾಸ್ಗೋ ಏರ್‌ಪೋರ್ಟಿಗಿ ಜೀಪ್ ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವ, ಎಂಜಿನಿಯರ್. ಮೈ ಸುಟ್ಕೊಂಡು ಆಗಸ್ಟ್‌ದಾಗ ಸತ್ತ. ಜೋಡಿದಾರ ಇರಾಕಿ ಡಾಕ್ಟರ್. ಇಬ್ಬರಿಗೂ ಹಸಿವಿಲ್ಲ, ಬರ ಇಲ್ಲ.

ಆದ್ರ ಅದ್ರ ಇನ್ನೊಂದು ಬಾಜೂ ಕೇಳ್ರಿ. ಅವ್ನ ದೂರದ ಸಂಬಂಧಿ ಡಾ. ಮೊಹಮ್ಮದ್ ಹನೀಫ್, ಅವ್ರೂ ಬೆಂಗಳೂರಿನ ಡಾಕ್ಟರು, ಆಸ್ಟ್ರೇಲಿಯಾದಾಗ ಕೆಲಸ. ಒಂದು ಸಿಮ್ ಕಾರ್ಡ್ ನೆವ ಮಾಡಿ ಜೈಲಿಗಿ ಹಾಕಿದ್ರು. ಒಂದು ತಿಂಗಳಾಗೂದ್ರಾಗ ಕೇಸ್ ಬಿದ್ದುಹೋತು, 2010ರಾಗ ಪರಿಹಾರನೂ ಕೊಟ್ರು. ಆಗ ನಾ ಬೆಂಗಳೂರಾಗ ರೂಮ್ ಹುಡುಕ್ಲತಿದ್ದೆ. ಗುಲಬರ್ಗಾ ಅಂದಾಗ "ಓ ತೊಗರಿ ಬ್ಯಾಳಿ" ಅಂತ ನಕ್ಕ ಓನರ್, ಹೆಸ್ರು ಹೇಳಿದಕೂಡ್ಲೇ ಚಾವಿ ವಾಪಸ್ ಜೇಬಿನ್ಯಾಗ ಇಟ್ಕೊಂಡ. ನಾ ಬಾಂಬ್ ಕಟ್ಕೊಂಡೆ ಏನು? ಶಿವಾಜಿನಗರದಾಗ ಬ್ಯಾರೆ ರೂಮ್ ಹಿಡ್ದೆ, ಬಿರ್ಯಾನಿ ತಿಂದು ಮಲ್ಕೊಂಡೆ. ಅವಮಾನ ಆಗ್ತದ ಖರೇ, ಅವಮಾನ ಆದವ್ರೆಲ್ಲಾ ಆ ದಾರಿ ಹಿಡಿಯಂಗಿಲ್ಲ.

ಚಿತ್ತಾಪುರ ಚಾಯ್
ಭಾಯ್ ಯಾವ ಹೊಟೇಲ್ ಬಿರ್ಯಾನಿ ಅದು ಹೇಳಿಬಿಡು, ಉಳದದ್ದು ಆಮ್ಯಾಲ

ರೋಜಾ ಏರಿಯಾ
ಅಲ್ಲಿನ ಬಿರ್ಯಾನಿಗಿಂತ ನಮ್ಮ ತಹರಿ ಲಾಖ್ ಪಾಲು ವಾಸಿ, ಬಾ ಒಮ್ಮಿ ಉರುಸಿಗಿ.

ಮಾಜಿ ಫೌಜಿ, ಭಾಲ್ಕಿ
ಓದಿದವ್ರು ಬರದೀರಿ, ನಾ ನೋಡಿದ್ದು ಬರೀತೀನಿ. ನಾ ಐಪಿಕೆಎಫ್‌ದಾಗ (ಶ್ರೀಲಂಕಾಕ್ಕ ಹೋದ ಭಾರತದ ಶಾಂತಿಪಡಿ) ಇದ್ದೆ, ಜಾಫ್ನಾ ಕಡಿ. 1987ರಾಗ ಶಾಂತಿ ಕಾಪಾಡ್ಲಾಕ ಅಂತ ಹೋದ್ವಿ, ಹೋದಾಗ ಹೆಣ್ಮಕ್ಕಳು ಮಾಲಿ ಹಾಕಿದ್ರು, ಅಕ್ಟೋಬರ್ ಬರೂದ್ರಾಗ ಅದೇ ಓಣ್ಯಾಗ ನಮ್ಮ ಮ್ಯಾಲ ಗುಂಡು. 1990ಕ್ಕ ವಾಪಸ್ ಬರೂದ್ರಾಗ ನಮ್ಮವ್ರು ಸಾವಿರಕ್ಕೂ ಮಿಕ್ಕಿ ಸತ್ತಿದ್ರು.

ಒಬ್ಬ ಹುಡುಗನ್ನ ಹಿಡದಿದ್ವಿ. ಮೀಸಿ ಸೈತ ಪೂರಾ ಮೂಡಿರ್ಲಿಲ್ಲ. ಕೊರಳಾಗ ಕರಿ ದಾರ, ನಮ್ಮ ಕಡಿ ಕೂಸಿಗಿ ತಾಯತ ಕಟ್ತಾರಲ್ಲ ಹಂಗ, ದಾರದ ತುದಿಗಿ ಸಣ್ಣ ಗಾಜಿನ ಕೊಳವಿ, ಒಳಗ ಸೈನೈಡ್. ಇಬ್ಬರು ಅವ್ನ ಎರಡೂ ಕೈ ಹಿಡದ್ರು, ನಾ ದಾರ ಕೊಯ್ದೆ. ಅವ ಅಳ್ಲಿಲ್ಲ, ಬೈಲಿಲ್ಲ, ನೀರ್ ಕೇಳಿದ. ಇಂಗ್ಲಿಷ್‌ದಾಗ. ನಮ್ಮ ಸಾಹೇಬ್ರು ಅವ್ನ ಜೋಡಿ ಮಾತಾಡಿದ್ರು, ಶಾಲಿ ಬಿಟ್ಟು ಎಷ್ಟ್ ದಿನ ಆಯ್ತು ಅಂತ. ಲೈಬ್ರರಿ ಸುಟ್ಟ ಮ್ಯಾಲ ಅಂದ. 1981ರಾಗ ಜಾಫ್ನಾ ಲೈಬ್ರರಿ ಸುಟ್ಟಿದ್ರು, ನನಗ ಆಗ ಅದು ಗೊತ್ತೇ ಇರ್ಲಿಲ್ಲ.

ಅಲ್ಲಿ ಸತ್ತ ಹುಡುಗ್ರ ಫೋಟೋ ಗೋಡಿ ಗೋಡಿಗಿ ಇರ್ತಿದ್ವು. ಪ್ರತಿ ನವೆಂಬರ್ 27ಕ್ಕ ಸತ್ತವ್ರ ದಿನ, ಜುಲೈ 5ಕ್ಕ ಕರಿಹುಲಿಗಳ (ಎಲ್‌ಟಿಟಿಇ ಆತ್ಮಾಹುತಿ ಪಡಿ) ದಿನ ಮಾಡ್ಲಾಕ ಹತ್ತಿದ್ರು. ದಾಳಿಗಿ ಹೋಗೋಕಿಂತ ಮುಂಚೆ ಎಲ್‌ಟಿಟಿಇ ಮುಖ್ಯಸ್ಥ ಪ್ರಭಾಕರನ್ ಜೋಡಿ ಕುಂತು ಊಟ, ಫೋಟೋ. ಹದಿನೆಂಟು ವರ್ಷದ ಹುಡುಗ, ಊರೇ ಅವ್ನ ಹೆಸ್ರು ಹೇಳ್ತದ ಅಂದ್ರ ಹಿಂದಕ್ಕ ಬರ್ತಾನೇನು? ಬಂದ್ರ ಮಾರಿ ಎಲ್ಲಿ ತೋರಸ್ತಾನ?

ಸೇಡಂ ಮಾಸ್ತರ
ಕಾಕಾ, ಇದು ಯಾವ ಟೆಕ್ಸ್ಟ್‌ಬುಕ್‌ದಾಗೂ ಇಲ್ರಿ. ನಿಮ್ಮ ಒಪ್ಪಿಗಿ ಇದ್ರ ಕ್ಲಾಸಿನ್ಯಾಗ ಓದ್ತೀನಿ.

ಮಾಜಿ ಫೌಜಿ, ಭಾಲ್ಕಿ
ಓದ್ರಿ. ಹೆಸ್ರು ಬ್ಯಾಡ.

ಬಸವಕಲ್ಯಾಣ ಬ್ಯಾಂಕ್ (ಮೈಸೂರು ಮೂಲ)
ಅಂಕಲ್‌ಗೆ ಸಲಾಂ. ಆದ್ರೆ ಒಂದು ಪ್ರಶ್ನೆ ಎಲ್ಲರಿಗೂ. 1956ರ ಸಿಂಹಳ ಮಾತ್ರ ಕಾಯ್ದೆ, 70ರ ದಶಕದಲ್ಲಿ ಯೂನಿವರ್ಸಿಟಿ ಸೀಟಿಗೆ ತಮಿಳು ಹುಡುಗರು ಹೆಚ್ಚು ಮಾರ್ಕ್ಸ್ ತಗೋಬೇಕು ಅನ್ನೋ ನಿಯಮ, 1983ರ ಜುಲೈ ಗಲಭೆ, ಇದೆಲ್ಲ ಕಾರಣ ಅಂತೀವಿ. ಸರಿ. ಅದೇ ದೇಶದಲ್ಲಿ ಟೀ ಎಸ್ಟೇಟ್ ತಮಿಳರು ಇದ್ರು, 1948ರಲ್ಲೇ ಅವರ ಪೌರತ್ವ ಕಿತ್ತುಕೊಂಡ್ರು, ಲಕ್ಷಾಂತರ ಜನ ಯಾವ ದೇಶದವರೂ ಅಲ್ಲ ಅನ್ನೋ ಹಾಗಾಯ್ತು. ಜಾಫ್ನಾದವರಿಗಿಂತ ಎಷ್ಟೋ ಬಡವರು. ಅವರ ಮಧ್ಯದಿಂದ ಇಂಥ ಸಂಘಟನೆ ಎದ್ದೇಳಲಿಲ್ಲ ಯಾಕೆ?

ಶೋಧ ವಿದ್ಯಾರ್ಥಿ
ಭಾರಿ ಪ್ರಶ್ನೆ ಸರ ಇದು. ಅವ್ರಿಗೆ ತೊಂಡಮಾನ್ ಅನ್ನೋ ನಾಯಕ ಇದ್ರು, ಕಾರ್ಮಿಕ ಸಂಘ ಇತ್ತು, ಮುಷ್ಕರ ಮಾಡಿದ್ರ ದೇಶದ ಟೀ ನಿಲ್ತಿತ್ತು. 1978ರಾಗ ತೊಂಡಮಾನ್ ಮಂತ್ರಿನೂ ಆದ್ರು. ಚೌಕಾಶಿ ಮಾಡ್ಲಾಕ ಒಂದು ಬಾಗಿಲ ಇತ್ತು ಅಂತ ಅರ್ಥ. ಜಾಫ್ನಾದವ್ರದ್ದು ನಾಯಕರ ನಡುವೆ ಒಪ್ಪಂದ ಆಗೋದು, ಆಮ್ಯಾಲ ಸರಕಾರ ಅದನ್ನ ಹರಿದು ಒಗಿಯೋದು, 1957ರ ಒಪ್ಪಂದ ಹಂಗೇ ಹೋತು, 1965ರ ಒಪ್ಪಂದದ್ದೂ ಅದೇ ಗತಿ. ಹಿರಿಯ ರಾಜಕಾರಣಿಗಳ ಮ್ಯಾಲ ಹುಡುಗ್ರಿಗಿ ಭರವಸಿ ಹೋತು, ಬಂದೂಕು ಹಿಡದವ ಹೀರೋ ಆದ.

ಅದೂ ಸಾಕಾಗಂಗಿಲ್ಲ. ಬಂದೂಕು ಹಿಡದ ತಮಿಳು ಗುಂಪುಗಳು ಆಗ ಡಜನ್‌ಗಟ್ಟಲೆ ಇದ್ವು, ಆತ್ಮಾಹುತಿಗಿ ಪಡಿ ಕಟ್ಟಿದ್ದು ಪ್ರಭಾಕರನ್ ಒಬ್ಬರೇ. ಉಳದ ಗುಂಪಿನವ್ರನ್ನೂ ಅವ್ರೇ ಕೊಂದ್ರು. ಸಿಟ್ಟು ಎಲ್ಲರ ಹತ್ರ ಇತ್ತು, ಅದನ್ನ ಈ ಆಕಾರಕ್ಕ ತಂದಿದ್ದು ಸಂಘಟನೆ. 2009ರ ಮೇ ತಿಂಗಳಾಗ ಎಲ್‌ಟಿಟಿಇ ಮುಗೀತು, ಕರಿಹುಲಿಗಳೂ ಮುಗದ್ರು. ತಮಿಳರ ಎಲ್ಲಾ ದೂರು ಮುಗದಾವೇನು? ಇಲ್ಲ.

ಜೇವರ್ಗಿ ಜವಾರಿ
ಅಂದ್ರ ಹೊಡದು ಹಾಕಿದ್ರ ಬಗಿಹರಿತದ ಅಂದಂಗಾಯ್ತು, ನಾ ಅದನ್ನೇ ಹೇಳ್ಲತ್ತಿದ್ದು

ಮಾಜಿ ಫೌಜಿ, ಭಾಲ್ಕಿ
ಹೊಡೆಯೋರು ನಾವಾಗಿದ್ವಿ ತಮ್ಮಾ. ಒಬ್ಬನ್ನ ಹೊಡದ್ರ ಅವ್ನ ತಮ್ಮ ಬರ್ತಿದ್ದ. ಕಡೀ ತಿಂಗಳುಗಳಾಗ ಅಲ್ಲಿ ಎಷ್ಟು ಸಾವಿರ ಸಾಮಾನ್ಯ ಮಂದಿ ಸತ್ರು ಅದನ್ನೂ ಲೆಕ್ಕಕ್ಕ ಹಿಡಿ.

ಹುಮನಾಬಾದ್ ಹೈವೇ
ಇಷ್ಟೆಲ್ಲಾ ಯಾಕ, ನಮ್ಮ ಭಾಗಾನೇ ನೋಡ್ರಿ. ನಿಜಾಮನ ಪರ ಇದ್ದ ರಜಾಕಾರರ ಕಾಲದಾಗ ಗೋರ್ಟಾ ಊರಾಗ ಮಂದಿನ್ನ ಹ್ಯಾಂಗ ಕೊಂದ್ರು ಬೀದರ್ ಜಿಲ್ಲಾದ ಎಲ್ಲರಿಗೂ ಗೊತ್ತದ. ನಮ್ಮ ಮುತ್ಯಾ ರಾತ್ರೋರಾತ್ರಿ ದನ ಬಿಟ್ಟು ಸೊಲ್ಲಾಪುರ ಕಡಿ ಓಡಿದವ.

ರೋಜಾ ಏರಿಯಾ
ಹೌದ್ರಿ, ಗೋರ್ಟಾ ಆಯ್ತು. 1948ರಾಗ ಭಾರತದ ಸೈನ್ಯ ಬಂದು ನಿಜಾಮನ ರಾಜ್ಯ ತೊಗೊಂಡ ಪೊಲೀಸ್ ಕಾರ್ಯಾಚರಣೆ ಆದ ಮ್ಯಾಲ ಮುಸ್ಲಿಮರಿಗಿ ಏನಾಯ್ತು ಅದನ್ನೂ ಬರೀರಿ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ, ಕಡಿಮಿ ಅಂದ್ರೂ 27 ಸಾವಿರದಿಂದ 40 ಸಾವಿರ ಮಂದಿ ಸತ್ತಾರ ಅಂತ ಬರೀತು. ಬೀದರ್, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ್ ಈ ನಾಲ್ಕ ಜಿಲ್ಲಾದಾಗೇ ಜಾಸ್ತಿ. ನಮ್ಮ ದಾದೀ ಬಾವಿ ಕಡಿ ಹೋಗ್ಲಾಕ ಸಾಯೋತನಕ ಅಂಜ್ತಿದ್ಳು, ಯಾಕ ಅಂತ ನಮಗ ದೊಡ್ಡವ್ರಾದ ಮ್ಯಾಲ ಹೇಳಿದ್ರು.

ಹುಮನಾಬಾದ್ ಹೈವೇ
ಅದನ್ನ ಯಾರು ಅಲ್ಲಗಳದ್ರು? ಮೊದಲ ಯಾರು ಶುರು ಮಾಡಿದ್ರು ಅನ್ನೋದು ಮುಖ್ಯ

ಆಳಂದ ಅಕ್ಕ
ಅಯ್ಯ ಶುರು ಆಯ್ತು ನೋಡ್ರಿ 1948. ಇಬ್ಬರೂ ಜರಾ ನೀರ್ ಕುಡೀರಿ. ಮಾಸ್ತರ ಕೇಳಿದ್ದು ಬ್ಯಾರೆ. ನಾ ಕೇಳ್ತೀನಿ, ಇಷ್ಟು ರಕ್ತ ಎರಡೂ ಬಾಜೂ ಹರದ ನೆಲ ಇದು, ಎರಡೂ ಮನಿ ಮೊಮ್ಮಕ್ಕಳು ಇಲ್ಲೇ ಅದಾರ, ಇಲ್ಲಿ ಯಾಕ ಮಾನವ ಬಾಂಬ್ ಹುಟ್ಟಲಿಲ್ಲ?

ಸೇಡಂ ಮಾಸ್ತರ
ಅಕ್ಕಾ, ನನ್ನ ಅಂದಾಜು ಹೇಳ್ಲೇನು? 1952ರಾಗ ಚುನಾವಣೆ ಬಂತು, ವೋಟು ಬಂತು. ಕಮ್ಯುನಿಸ್ಟರು, ಕಾಂಗ್ರೆಸ್‌ನವ್ರು, ಮುಂದ ಪ್ರತ್ಯೇಕ ಸ್ಥಾನಮಾನಕ್ಕ ಹೋರಾಡಿದವ್ರು, ಎಲ್ಲರೂ ಬೀದಿಗಿಳಿದು ಕೂಗಿದ್ರು. 371 ಜೆ ಸಿಗಲಾಕ 2012ರ ತನಕ ಕಾಯ್ಬೇಕಾಯ್ತು ಖರೇ, ಸಿಕ್ಕಿದ್ದು ಮಾತ್ರ ಧರಣಿ, ಅರ್ಜಿ, ಎಂಪಿ ಎಂಎಲ್‌ಎ ಬೆನ್ನು ಹತ್ತಿ. ಕೆಲಸ ನಿಧಾನ ಆದ್ರೂ ಬಾಗಿಲ ಪೂರಾ ಮುಚ್ಚಿರ್ಲಿಲ್ಲ. ಮ್ಯಾಲಿಂದ, ಸತ್ತ ಹುಡುಗನ್ನ ಹೊತ್ತು ಮೆರೆಸೋ ಸಂಘಟನೆ ಇಲ್ಲಿ ಬೇರ್ ಬಿಡಲಿಲ್ಲ.

ಬಸವಕಲ್ಯಾಣ ಬ್ಯಾಂಕ್ (ಮೈಸೂರು ಮೂಲ)
ವೋಟು ಇದ್ರೆ ಬರಲ್ಲ ಅನ್ನೋದಕ್ಕೆ ಪಂಜಾಬ್ ಅಡ್ಡ ಬರುತ್ತೆ ಸಾರ್. 1995ರ ಆಗಸ್ಟ್ 31, ಚಂಡೀಗಢ ಸೆಕ್ರೆಟೇರಿಯಟ್ ಮುಂದೆ ಮುಖ್ಯಮಂತ್ರಿ ಬಿಯಾಂತ್ ಸಿಂಗ್ ಹತ್ಯೆ. ಮಾನವ ಬಾಂಬ್ ಆದವನು ಅಲ್ಲಿನ ಪೊಲೀಸ್ ಇಲಾಖೆಯವನೇ. ಪುಲ್ವಾಮಾ, 2019ರ ಫೆಬ್ರವರಿ 14, 40 ಸಿಆರ್‌ಪಿಎಫ್ ಯೋಧರು, ನಮ್ಮ ಮಂಡ್ಯದ ಹುಡುಗನೂ ಒಬ್ಬ. ಕಾರು ನುಗ್ಗಿಸಿದವನು ಅಲ್ಲೇ ಪಕ್ಕದ ಊರಿನವನು, ಕಳಿಸಿದ ಜೈಷ್ ಪಾಕಿಸ್ತಾನದ್ದು.

ಶಹಾಪುರ ಎಕ್ಸ್‌ಪ್ರೆಸ್
ಹೊರಗಿನ ದೇಶ ರೊಕ್ಕ, ಮದ್ದು, ಟ್ರೇನಿಂಗ್ ಕೊಡ್ತದ ಅಂದ್ರ ಒಳಗಿನ ಸಣ್ಣ ಗಾಯನೂ ದೊಡ್ಡದು ಮಾಡ್ಲಾಕ ಬರ್ತದ. ಇದನ್ನ ಪ್ರೊಫೆಸರ್‌ಗಳು ಕಡಿಮಿ ಬರೀತಾರ.

ರೋಜಾ ಏರಿಯಾ
ಮಾಸ್ತರ ಕಡೀಗಿ ಅಂದ ಮಾತು ಹಿಡೀರಿ, ಮೆರೆಸೋದು. 2008ರ ನವೆಂಬರ್‌ದಾಗ ಮುಂಬೈಗಿ ಬಂದು ಸತ್ತ ಒಂಬತ್ತು ಮಂದಿ ಹೆಣ ಹೂಳ್ಲಾಕ ಮುಂಬೈ ಮುಸ್ಲಿಂ ಖಬರಸ್ತಾನದವ್ರು ಜಾಗಾ ಕೊಡ್ಲಿಲ್ಲ. ನಮ್ಮವ್ರಲ್ಲ, ಇಲ್ಲಿ ಮಣ್ಣಿಲ್ಲ ಅಂದ್ರು. ವರ್ಷಕ್ಕಿಂತ ಜಾಸ್ತಿ ಶವಾಗಾರದಾಗ ಬಿದ್ದಿದ್ವು, ಕಡೀಗಿ ಸರಕಾರನೇ ಗುಟ್ಟಾಗಿ ಎಲ್ಲೋ ಹೂಳ್ತು. ಅದೇ ವರ್ಷ ಫೆಬ್ರವರಿದಾಗ ದೇವಬಂದ್‌ದಾಗ ಸಾವಿರಾರು ಮೌಲವಿಗಳು ಕೂಡಿ ಭಯೋತ್ಪಾದನೆ ಇಸ್ಲಾಂಗ ವಿರುದ್ಧ ಅಂತ ಸಾರಿದ್ರು. ನಮ್ಮಲ್ಲಿ ಖುದ್‌ಕುಶಿ (ಆತ್ಮಹತ್ಯಾ) ಹರಾಮ್, ನಮ್ಮ ಓಣ್ಯಾಗ ಕೂಸಿಗೂ ಗೊತ್ತದ. ಅದಕ್ಕೇ ಆ ಸಂಘಟನೆಗಳು ಅದನ್ನ ಆತ್ಮಹತ್ಯಾ ಅನ್ನಂಗೇ ಇಲ್ಲ, ಶಹಾದತ್ (ಹುತಾತ್ಮ ಆಗೋದು) ಅಂತ ಮಾರ್ತಾರ. ತೊಗೊಳ್ಳೋ ಗಿರಾಕಿ ಇದ್ರ ಮಾರ್ತಾರ, ಇಲ್ಲಾಂದ್ರ ಅಂಗಡಿ ಮುಚ್ತದ.

ಶೋಧ ವಿದ್ಯಾರ್ಥಿ
ರೋಜಾ ಭಾಯ್ ಮಾತಿಗಿ ಪುರಾವಿ ಅದ. 2000ದಾಗ ಶುರುವಾದ ಎರಡನೇ ಇಂತಿಫಾದಾ (ಇಸ್ರೇಲ್ ವಿರುದ್ಧದ ದಂಗೆ) ಕಾಲಕ್ಕ ಈ ದಾಳಿಗಳಿಗಿ ಪ್ಯಾಲೆಸ್ತೀನ್ ಮಂದಿ ಬೆಂಬಲ ಏರಿತ್ತು, ಹಮಾಸ್ ಮಾಡಿದ್ದು ನೋಡಿ ಫತಾಹ್ ಕಡಿಯ ಅಲ್ ಅಕ್ಸಾ ದಳ, ಮಾರ್ಕ್ಸ್‌ವಾದಿ ಪಿಎಫ್‌ಎಲ್‌ಪಿ ಕೂಡ ಅದೇ ದಾರಿ ಹಿಡದ್ವು, ನಾವೇನ್ ಕಡಿಮಿ ಅಂತ. ಮಿಯಾ ಬ್ಲೂಮ್ ಅನ್ನೋ ಸಂಶೋಧಕಿ ಇದನ್ನ ಗುಂಪು ಗುಂಪಿನ ನಡುವಿನ ಸವಾಲು ಅಂತಾರ, ಮಂದಿ ಮನಸ್ಸು ಗೆಲ್ಲೋ ಪೈಪೋಟಿ. ಸತ್ತವ್ರ ಮನಿಗಿ ಸದ್ದಾಂ 25 ಸಾವಿರ ಡಾಲರ್ ಕಳಿಸ್ತಿದ್ದ, ಇಸ್ರೇಲ್ ಅದೇ ಮನಿ ಬುಲ್ಡೋಜರ್ ಹಚ್ಚಿ ಕೆಡವ್ತಿತ್ತು. ಉಲ್ಟಾ ಉದಾಹರಣಿ ಜೋರ್ಡಾನ್. 2005ರ ನವೆಂಬರ್‌ದಾಗ ಅಮ್ಮಾನ್ ಹೊಟೇಲಿನ್ಯಾಗ ಲಗ್ನ ನಡದಾಗ ಸಿಡೀತು, ಸತ್ತವ್ರು ಬೀಗರು, ನೆಂಟರು. ಮರುದಿನ ಬೀದಿಗಿಳಿದು, ಅದನ್ನ ಮಾಡಿಸಿದ ಅಲ್ ಖೈದಾದ ಜರ್ಕಾವಿಗಿ ಬೈದವ್ರು ಜೋರ್ಡಾನ್ ಮಂದಿನೇ.

ಆಳಂದ ಅಕ್ಕ
ನಿಮ್ಮ ಸಂಘಟನೆ, ಸೈನ್ಯ, ಮಂದಿ ಬೆಂಬಲ ಎಲ್ಲಾ ಕೇಳಿದೆ. ಒಳಗಿನ ಮನುಷ್ಯಾ ಹ್ಯಾಂಗಿರ್ತಾನ ಅದನ್ನ ಯಾರೂ ಹೇಳ್ಲಿಲ್ಲ. ಹುಚ್ಚರಾ?

ಶೋಧ ವಿದ್ಯಾರ್ಥಿ
ಹುಚ್ಚರಲ್ಲ ಅಕ್ಕಾ. ಬಾಂಬ್ ಸಿಡೀದೆ ಉಳದು ಜೈಲಿಗಿ ಹೋದವ್ರನ್ನ ಇಸ್ರೇಲ್‌ದ ಮನಶ್ಶಾಸ್ತ್ರಜ್ಞ ಏರಿಯಲ್ ಮೆರಾರಿ ಮಾತಾಡಿಸ್ಯಾರ. ಮತ್ತೊಬ್ಬರ ಮಾತು ಮೀರ್ಲಾಕ ಆಗದ, ಅವಲಂಬಿ ಸ್ವಭಾವದವ್ರು ಭಾಳ ಸಿಕ್ರು, ಕೆಲವ್ರು ಮೊದಲೇ ಮಂಕಾಗಿದ್ದವ್ರು. ಹೊಂಟೋಕಿಂತ ಮೊದಲ ವಿಡಿಯೋ ತಗಸ್ತಾರ, ತಾಯಿಗಿ ವಿದಾಯ ಹೇಳಿಸ್ತಾರ. ಅದಾದ ಮ್ಯಾಲ ಜೀವಂತ ಮನಿಗಿ ಹೋಗೋದು ಸಾವಿಗಿಂತ ನಾಚಿಕಿ. ಮಾನವಶಾಸ್ತ್ರಜ್ಞ ಸ್ಕಾಟ್ ಅಟ್ರಾನ್ ಬ್ಯಾರೆ ಹೇಳ್ತಾರ, ಗೆಳೆತನ ಅಂತ. 2004ರಾಗ ಮ್ಯಾಡ್ರಿಡ್ ರೈಲು ಸಿಡಿಸಿದ ಗುಂಪಿನ್ಯಾಗ ಏಳು ಮಂದಿ ಪೊಲೀಸ್ರು ಸುತ್ತುವರದಾಗ ಫ್ಲಾಟಿನ್ಯಾಗೇ ಸಿಡ್ಕೊಂಡು ಸತ್ರು, ಅದ್ರಾಗ ಐದು ಮಂದಿ ಮೊರಾಕ್ಕೋದ ತೆತುವಾನ್ ಊರಿನ ಒಂದೇ ಓಣಿಯವ್ರು.

ಚಿತ್ತಾಪುರ ಚಾಯ್
ಕರೆಂಟ್ ಹೋತು, ಫೋನ್ 6 ಪರ್ಸೆಂಟ್. ನಾಳಿ ಓದ್ತೀನಿ, ಯಾರೂ ಡಿಲೀಟ್ ಮಾಡಬ್ಯಾಡ್ರಿ

ಬಸವಕಲ್ಯಾಣ ಬ್ಯಾಂಕ್ (ಮೈಸೂರು ಮೂಲ)
ಪೇಪ್ ಬಗ್ಗೆ ನನ್ನ ತಕರಾರು ಇನ್ನೂ ಇದೆ. ದಾಳಿ ಆದ ಜಾಗ ಮಾತ್ರ ಎಣಿಸಿದ್ರೆ ಆಯ್ತಾ? ಟಿಬೆಟ್ ಎಣಿಸಿ. ಮುಂಡಗೋಡು, ಬೈಲಕುಪ್ಪೆಯಲ್ಲಿ ಇದ್ದಾರಲ್ಲ, ಅವರ ನೆಲದ ಮೇಲೆ ಹೊರಗಿನ ಸೈನ್ಯ 1950ರಿಂದ ಇದೆ. 2009ರಿಂದ ಈಚೆಗೆ 150ಕ್ಕೂ ಹೆಚ್ಚು ಟಿಬೆಟಿಯನ್ನರು ಮೈಗೆ ಬೆಂಕಿ ಹಚ್ಕೊಂಡಿದ್ದಾರೆ. ಸಾಯೋಕೆ ತಯಾರು, ಕೊಲ್ಲೋಕೆ ಅಲ್ಲ. ಅಲ್ಲಿ ವಿಚಾರ, ನಾಯಕ, ಧರ್ಮ ಮುಖ್ಯ ಆಗ್ಲಿಲ್ವಾ?

ಶೋಧ ವಿದ್ಯಾರ್ಥಿ
ಆಯ್ತು ಸರ, ದಲೈ ಲಾಮಾ ಹಿಂಸೆ ಬ್ಯಾಡ ಅಂತಾರ, ಮಂದಿ ಕೇಳ್ತಾರ. ಅದಕ್ಕೂ ಚೀನಾದಂಥ ಸರಕಾರದ ಮ್ಯಾಲ ಇಂಥ ದಾಳಿ ಒತ್ತಡ ಹಾಕಂಗಿಲ್ಲ ಅನ್ನೋದೂ ಸೇರ್ತದ, ಅಲ್ಲಿ ಪೇಪರ್, ಚುನಾವಣೆ ಇಲ್ಲ. ಪೇಪ್ ಪ್ರಜಾಪ್ರಭುತ್ವಗಳೇ ಗುರಿ ಆಗ್ತಾವ ಅಂದಿದ್ದು ಇದಕ್ಕೇ.

ಬಸವಕಲ್ಯಾಣ ಬ್ಯಾಂಕ್ (ಮೈಸೂರು ಮೂಲ)
ಹಾಗಾದ್ರೆ ರಷ್ಯಾ? 2002ರ ಮಾಸ್ಕೋ ಥಿಯೇಟರ್, 2010ರ ಮೆಟ್ರೋ. ಪುಟಿನ್ ಯಾವ ಪ್ರಜಾಪ್ರಭುತ್ವ ಸ್ವಾಮಿ 😄

ಆಳಂದ ಅಕ್ಕ
ಮಾಸ್ಕೋದ ಎರಡ್ರಾಗೂ ಹೆಣ್ಮಕ್ಕಳಿದ್ರು. ಗಂಡ, ಅಣ್ತಮ್ಮರು ಚೆಚೆನ್ಯಾ ಯುದ್ಧದಾಗ ಸತ್ತವ್ರು ಅಂತ ಪೇಪರ್‌ನವ್ರು ಕರಿ ವಿಧವೆಯರು ಅಂತ ಹೆಸರಿಟ್ರು. ರಾಜೀವ್ ಗಾಂಧಿ ಕಾಲಿಗಿ ಬಾಗಿದ ಧನು ಹೆಣ್ಮಗಳೇ. ಹೆಣ್ಮಕ್ಕಳನ್ನ ಯಾಕ ಕಳಿಸ್ತಾರ ಗೊತ್ತೇನ್ರಿ, ಗಂಡು ಪೊಲೀಸ್ರು ಸೀರಿ ಮುಟ್ಟಿ ತಪಾಸಣಿ ಮಾಡಂಗಿಲ್ಲ ಅಂತ. ಅಷ್ಟೇ ಲೆಕ್ಕ. ನೈಜೀರಿಯಾದಾಗ ಬೊಕೊ ಹರಾಂ 2014ರಿಂದ ಅಪಹರಿಸಿದ ಹುಡುಗಿಯರಿಗಿ ಕಟ್ಟಿ ಸಂತಿಗಿ ಕಳಸ್ತು, ಅದ್ರಾಗ ಹತ್ತು ಹನ್ನೆರಡು ವರ್ಷದ ಕೂಸುಗಳೂ ಇದ್ವು. ಆ ಕೂಸಿಗಿ ಯಾವ ಸಿದ್ಧಾಂತ, ಯಾವ ನೆಲ? ನೀವು ಕಾರಣ ಕಾರಣ ಅಂತ ಹುಡುಕ್ತೀರಿ, ಕಟ್ಟಿದವ್ನ ಕಾರಣ ಬ್ಯಾರೆ, ಕಟ್ಟಿಸ್ಕೊಂಡವ್ರದ್ದು ಬ್ಯಾರೆ. ಎರಡೂ ಒಂದೇ ಹಾಳಿಮ್ಯಾಲ ಬರೀಬ್ಯಾಡ್ರಿ.

ಸೇಡಂ ಮಾಸ್ತರ
ಅಕ್ಕಾ, ಹಿಂಗ ಬೋರ್ಡ್ ಮ್ಯಾಲ ಎರಡು ಕಾಲಂ ಹಾಕಿ ಶುರು ಮಾಡಿದ್ರ ಹ್ಯಾಂಗ? ಒಂದ್ ಕಡಿ ಕಳಿಸೋನು, ಒಂದ್ ಕಡಿ ಹೋಗೋನು. ಬಡತನ, ಧರ್ಮ ಎಲ್ಲಿ ಬೀಳ್ತಾವ ಹುಡುಗ್ರೇ ಹೇಳ್ಲಿ.

ಜೇವರ್ಗಿ ಜವಾರಿ
ಮೂರನೇ ಕಾಲಂ ಹಾಕ್ರಿ ಸರ, ಚಪ್ಪಾಳಿ ಹೊಡಿಯೋರದ್ದು. ರೋಜಾ ಭಾಯ್ ಹೇಳಿದ್ದು ಅದೇ ಅಲ್ಲೇನು

ರೋಜಾ ಏರಿಯಾ
ಹೌದಲೇ ಜವಾರಿ. ಅಂದ್ರ ಧರ್ಮಾನೇ, ಮುಗೀತು ಅಂದಿದ್ದಿ ಮುಂಜಾನಿ 😂

ಜೇವರ್ಗಿ ಜವಾರಿ
ಧರ್ಮನೂ ಅದ ಭಾಯ್, ನಾ ಬಿಡಂಗಿಲ್ಲ. ಪಾಕಿಸ್ತಾನದ ದರ್ಗಾದಾಗ ಸಿಡಿಸಿದವ್ರ ಲೆಕ್ಕ ಇನ್ನೂ ಯಾರೂ ಪೂರಾ ಹೇಳಿಲ್ಲ. 2017ರಾಗ ಸೆಹವಾನ್ ಶರೀಫ್ ದರ್ಗಾದಾಗ ಧಮಾಲ್ (ಸೂಫಿ ಕುಣಿತ) ನಡದಿತ್ತು, ಐಎಸ್‌ನವ (ಇಸ್ಲಾಮಿಕ್ ಸ್ಟೇಟ್) ಒಳಗ ಹೋಗಿ ಸಿಡ್ಕೊಂಡ. ಯಾವ ಸೈನ್ಯ ಇತ್ತು ಅಲ್ಲಿ, ಯಾವ ನೆಲ ಕಸಗೊಂಡಿದ್ರು ಅವ್ರು?

ರೋಜಾ ಏರಿಯಾ
ಇದಕ್ಕ ನನ್ನ ಹತ್ರ ಜವಾಬ್ ಅದ, ಆದ್ರ ಇಶಾ ನಮಾಜಿಗಿ ಹೊತ್ತಾಯ್ತು. ಬಂದು ಬರೀತೀನಿ. ದರ್ಗಾದ ಓಣ್ಯಾಗೇ ಬೆಳದವ ನಾ, ನಮ್ಮಂಥವ್ರು ಅವ್ರ ಕಣ್ಣಿಗಿ ಮುಸ್ಲಿಮರೇ ಅಲ್ಲ, ಮೊದಲ ಅದು ತಿಳ್ಕೋ.